ಬೀಜು ಅಕ್ಕ ಹಿಡಿಯದೆ ಬಿಟ್ಟ ಕೋಲುಗಳು

ನಮ್ಮ ಚಿಯಾಯಿ ಊರಿನ ಎಸೆದಾಟದವರಿಗೆ ಒಂದು ದೊಡ್ಡ ಗುಣವಿದೆ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಗುಣ ಇಷ್ಟೇ. ಇಬ್ಬರು ಎದುರುಬದುರು ನಿಂತು ಕೋಲು ಎಸೆದಾಡುವಾಗ ಒಬ್ಬರ ಎಸೆತ ಕೆಟ್ಟರೆ ಇನ್ನೊಬ್ಬರು ಅದನ್ನು ಹೇಗಾದರೂ ಹಿಡಿದುಬಿಡಬೇಕು. ಬಗ್ಗಿಯೋ, ಎಗರಿಯೋ, ಬೆನ್ನ ಹಿಂದೆ ಕೈ ಚಾಚಿಯೋ, ಅದು ಅವರವರ ಪಾಡು. ಹಿಡಿದು, ಏನೂ ನಡೆದೇ ಇಲ್ಲವೆಂಬಂತೆ ಹದವಾಗಿ ತಿರುಗಿ ಎಸೆಯಬೇಕು. ಬಾಯಿ ಬಿಡಬಾರದು. 'ನಿಮ್ಮದು ಅಡ್ಡ ಬಂತು' ಅಂದವನು ನಮ್ಮಲ್ಲಿ ಒರಟ, ತಾಯಿ ತಂದೆ ಬುದ್ಧಿ ಕಲಿಸದವನು. ಕೆಟ್ಟ ಎಸೆತವನ್ನು ಸದ್ದಿಲ್ಲದೆ ನುಂಗಿಕೊಂಡವನೇ ದೊಡ್ಡ ಆಟಗಾರ. ಕತ್ತು ಸಣ್ಣ, ಹೊಟ್ಟೆ ದಪ್ಪ ಇರುವ ಈ ಪ್ಲಾಸ್ಟಿಕ್ ಕೋಲುಗಳನ್ನು ಹಾಗೆ ನುಂಗಿಕೊಳ್ಳುವುದರಲ್ಲಿ ಇಡೀ ಊರಿಗೆ ಒಬ್ಬಳೇ ಗಟ್ಟಿಗಿತ್ತಿ. ಜಾನ್ ಬೀಜು.

ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಬೀಜು ಅಕ್ಕನ ಅಂಗಡಿ. ಶಾಲೆಯ ಅಂಗಿಗಳ ಎದೆ ಮೇಲೆ ಮಕ್ಕಳ ಹೆಸರು, ನಂಬರು ಹೊಲಿದುಕೊಡುವುದು ಕಸುಬು. ಊರಿನ ಅರ್ಧ ಜನರ ಹೆಸರು ಒಂದಲ್ಲ ಒಂದು ಕಾಲದಲ್ಲಿ ಆ ಹೊಲಿಗೆ ಯಂತ್ರದ ಕೆಳಗೆ ಹಾದುಹೋಗಿದೆ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹೆಚ್ಚು ದಿನ ಮನೆಯಲ್ಲಿರುವುದಿಲ್ಲ. ವರ್ಷಗಳ ಹಿಂದೆ, ಒಂದು ಶಾಲೆಯ ದಾರಬುಗುರಿ ತಂಡಕ್ಕೆ ಅಂಗಿ ಹೊಲಿದವಳು ಗಂಟನ್ನು ಸ್ಕೂಟರಿಗೆ ಕಟ್ಟಿಕೊಂಡು ತಾನೇ ಕೊಡಲು ಹೋದಳು. ವ್ಯಾಯಾಮದ ಹಾಲ್‌ನಲ್ಲಿ ದೊಡ್ಡವರೆಲ್ಲ ನಿಂತು ಚೆಂಡು, ಕೋಲು ಎಸೆದಾಡುತ್ತಿದ್ದರು. ಬಾಗಿಲಲ್ಲೇ ನಿಂತವಳ ಕೈಗೆ ಒಬ್ಬ ಮೇಷ್ಟ್ರು ಮೂರು ಚೆಂಡು ಕೊಟ್ಟು, "ಸೂಜಿಗೆ ದಾರ ಪೋಣಿಸೋ ಕೈ, ಸುಮ್ನೆ ಯಾಕೆ ನಿಂತಿದೆ?" ಅಂದರು. ಅಂದಿನಿಂದ ಪ್ರತಿ ಗುರುವಾರ ಸಂಜೆ ಅಂಗಡಿಯ ಶಟರ್ ಬೇಗ ಕೆಳಗಿಳಿಯುತ್ತದೆ.

ಆ ಮೇಷ್ಟ್ರು ಪಾನ್ ಜಿನ್‌ಫಾ. ವ್ಯಾಯಾಮದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಎರಡು ಕಡ್ಡಿಗಳ ನಡುವಿನ ದಾರದ ಮೇಲೆ ಬುಗುರಿ ಗುಂಯ್‌ಗುಡಿಸುವುದನ್ನು ಊರಿಗೆಲ್ಲ ಕಲಿಸಿದ್ದು ಅವರೇ. ಚಳಿಗಾಲದ ರಜೆಯಲ್ಲಿ ನಡೆಯುವ ಎಸೆದಾಟದ ಹಬ್ಬ ಹುಟ್ಟುಹಾಕಿದವರೂ ಅವರೇ. ಎರಡು ದಿನ ಶಾಲೆಯ ಹಾಲ್ ಪೂರ್ತಿ ನಮ್ಮದು. ತೈನಾನ್, ತೈಚುಂಗ್, ಕಾವ್‌ಶಿಯುಂಗ್‌ ಊರುಗಳಿಂದ ಜನ ಹಾಸಿಗೆ ಸುತ್ತಿಕೊಂಡು ಬರುತ್ತಾರೆ. ಒಂದು ಮೂಲೆಯಲ್ಲಿ ಏಳು ಚೆಂಡುಗಳನ್ನು ಒಟ್ಟಿಗೆ ಗಾಳಿಯಲ್ಲಿ ಆಡಿಸುವವನು ಬೆವರುತ್ತಿರುತ್ತಾನೆ, ಇನ್ನೊಂದು ಮೂಲೆಯಲ್ಲಿ ಅಜ್ಜಿಯೊಬ್ಬಳು ಮೊದಲ ಚೆಂಡು ಹಿಡಿಯಲು ಕಲಿಯುತ್ತಿರುತ್ತಾಳೆ. ಯಾರ ಕೈಯಿಂದ ಏನೇ ಬೀಳಲಿ, ಇಡೀ ಹಾಲ್ ಒಂದೇ ದನಿಯಲ್ಲಿ "ನೆಲ ಹಿಡೀತು!" ಎಂದು ಕೂಗಿ ನಗುತ್ತದೆ. ಬೀಳಿಸಿದವನಿಗೆ ನಾಚಿಕೆಯಾಗದಿರಲಿ ಎಂದು ಮೇಷ್ಟ್ರು ಮಾಡಿದ ರೂಢಿ ಅದು.

ಇಂಥ ಮೇಷ್ಟ್ರ ಕೈಯಿಂದ ಕೋಲು ತಪ್ಪತೊಡಗಿದ್ದನ್ನು ಮೊದಲು ಕಂಡವಳು ಬೀಜು ಅಕ್ಕ.

ಎದುರುಬದುರು ಆಟದಲ್ಲಿ ಬಲಗೈಯಿಂದ ಎಸೆದದ್ದು ನೇರ ಹೋಗಿ ಎದುರಿನವರ ಎಡಗೈ ಸೇರಬೇಕು. ಅವಳು ಎಸೆದದ್ದು ಮೇಷ್ಟ್ರ ಎಡಗೈ ಹತ್ತಿರ ಹೋಗುವ ಹೊತ್ತಿಗೆ ಅವರ ಕೈ ತಡವಾಗಿ ಏಳುತ್ತಿತ್ತು, ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ. ಅವಳು ಏನೂ ಹೇಳಲಿಲ್ಲ. ಮುಂದಿನ ಎಸೆತವನ್ನು ಒಂದಂಗುಲ ಒಳಗೆ, ಅವರ ಮೂಗಿನ ಕಡೆಗೆ ಕಳಿಸಿದಳು. ಮೇಷ್ಟ್ರು ಹಿಡಿದರು. ಅದರ ಮುಂದಿನ ತಿಂಗಳು ಇನ್ನೊಂದಂಗುಲ. ಒಳಗೆ ಬರುವುದನ್ನು ಹಿಡಿಯಲು ಮೇಷ್ಟ್ರ ಮೈ ತಾನಾಗಿ ಎಡಕ್ಕೆ ತಿರುಗಿತು. ಮೈ ತಿರುಗಿದ್ದರಿಂದ ಅವರು ಎಸೆದದ್ದೂ ನೇರ ಬರದೆ ನಡುವಿನ ಕಡೆಗೆ ವಾಲಿತು. ಅದನ್ನೂ ಬೀಜು ಅಕ್ಕ ಮೈ ಬಳುಕಿಸಿ ಹಿಡಿದಳು. ನೋಡುವವರಿಗೆ ಎಳ್ಳಷ್ಟೂ ಗೊತ್ತಾಗಲಿಲ್ಲ. ಅವಳಿಗೆ ಆ ಬಗ್ಗೆ ಒಳಗೊಳಗೆ ಹೆಮ್ಮೆಯೂ ಇತ್ತು, ಇಲ್ಲವೆಂದು ಅವಳೂ ಹೇಳುವುದಿಲ್ಲ.

ಆಮೇಲೆ ಅದು ಊರಿನ ಗುಟ್ಟಾಯಿತು. ಹೊಸಬರು ಯಾರಾದರೂ ಮೇಷ್ಟ್ರ ಎದುರು ನಿಲ್ಲುವ ಮೊದಲು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳುತ್ತಿದ್ದರು: "ಮೇಷ್ಟ್ರಿಗೆ ಎಸೆಯುವಾಗ ಸ್ವಲ್ಪ ಅವರ ಬಲಕ್ಕೆ." ಯಾಕೆ ಅಂತ ಕೇಳಿದರೆ, "ವಯಸ್ಸು." ಅಷ್ಟೇ. ಸಮೀಪದ ಪೇಟೆಯಲ್ಲೇ ಕಣ್ಣಿನ ಡಾಕ್ಟರಿದ್ದಾರೆ, ವಿಮೆಯ ಕಾರ್ಡು ಎಲ್ಲರ ಜೇಬಿನಲ್ಲಿದೆ. 'ಮೇಷ್ಟ್ರೇ, ಒಂದು ಸಲ ತೋರಿಸ್ಕೊಳ್ಳಿ' ಅನ್ನುವ ಒಂದು ಮಾತಿಗೆ ಮಾತ್ರ ಇಷ್ಟು ಜನರಲ್ಲಿ ಒಂದು ನಾಲಿಗೆ ಇರಲಿಲ್ಲ. ಇದಕ್ಕೆ ನಾವು ಮರ್ಯಾದೆ ಅಂತ ಹೆಸರಿಟ್ಟಿದ್ದೇವೆ.

ಈ ಸಲದ ಹಬ್ಬ ಇಪ್ಪತ್ತನೆಯದು. ಶನಿವಾರ ಸಂಜೆ ಊರವರೆಲ್ಲ ಬಂದು ಕೂತ ಮೇಲೆ ಕೊನೆಯ ಆಟ ಪಂಜಿನದು. ಶಾಲೆಯ ಅಂಗಳದಲ್ಲಿ ಮೇಷ್ಟ್ರು ಒಂದು ಕಡೆ, ಬೀಜು ಅಕ್ಕ ಇನ್ನೊಂದು ಕಡೆ. ನಡುವೆ, ಆ ವರ್ಷ ಹಬ್ಬಕ್ಕೆ ಹೊಸದಾಗಿ ಬಂದವರೊಬ್ಬರು ಅಡ್ಡವಾಗಿ ನಿಲ್ಲಬೇಕು. ಮೇಷ್ಟ್ರ ಉರಿಯುವ ಪಂಜು ಅವರ ಮೂಗಿನ ಮುಂದೆ ಹಾಯಬೇಕು, ಬೀಜು ಅಕ್ಕನದು ತಲೆಯ ಹಿಂದೆ. ಹೊಸಬರನ್ನು ನಮ್ಮವರಾಗಿ ಮಾಡಿಕೊಳ್ಳುವ ಬಗೆ ಇದು. ಹೋದ ವರ್ಷ ಅಕಾಲದ ಮಳೆ ಬಂದು ಪಂಜು ಹೊತ್ತಲಿಲ್ಲ. ಅದರ ಹಿಂದಿನ ವರ್ಷ ಮೇಷ್ಟ್ರ ಕೈ ಇನ್ನೂ ಇಷ್ಟು ವಾಲಿರಲಿಲ್ಲ. ಈ ಸಲ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ.

ನಡುವೆ ನಿಲ್ಲುವವಳು ಅದೇ ಶಾಲೆಗೆ ಹೊಸದಾಗಿ ಬಂದ ಹೆಡ್‌ಮೇಡಂ, ತೋಂಗ್ ಯಾವೆನ್. ಚಿಕ್ಕಂದಿನಲ್ಲಿ ಮೇಷ್ಟ್ರ ಕೈಯಲ್ಲೇ ಬುಗುರಿ ಕಲಿತವಳು. ಮಧ್ಯಾಹ್ನ ಎಲ್ಲರೂ ನೆಲದ ಮೇಲೆ ಕೂತು ಟರ್ಕಿಕೋಳಿ ಅನ್ನದ ಡಬ್ಬಿ ಬಿಚ್ಚಿದಾಗ ಅವಳು ಬೀಜು ಅಕ್ಕನ ಪಕ್ಕದಲ್ಲೇ ಬಂದು ಕೂತಳು.

"ಅಕ್ಕ, ಕೂದಲು ಕಟ್ಬೇಕಾ, ಬಿಡ್ಬೇಕಾ?"

"ಕಟ್ಟು," ಅಂದಳು ಬೀಜು ಅಕ್ಕ.

"ಅಮ್ಮ ಬೈತಿದ್ದಾಳೆ, ಮದುವೆ ಆಗ್ಬೇಕಾದ ಮುಖ, ಸುಟ್ಕೊಂಡು ಬರ್ಬೇಡ ಅಂತ. ನಾನಂದೆ, ಎಸೆಯೋದು ಪಾನ್ ಮೇಷ್ಟ್ರು ಕಣಮ್ಮ, ಕಣ್ಣು ಮುಚ್ಕೊಂಡು ನಿಲ್ತೀನಿ ನಾನು."

ಬೀಜು ಅಕ್ಕನ ಕೈಯಲ್ಲಿದ್ದ ಊಟದ ಕಡ್ಡಿಗಳು ಅನ್ನದಲ್ಲೇ ನಿಂತವು.

ಆ ತನಕ ಅವಳಿಗೆ ಹೊಳೆಯದ ಸಂಗತಿಯೊಂದು ಆಗ ಹೊಳೆಯಿತು. ಎರಡು ವರ್ಷದಿಂದ ತಾನು ಮೇಷ್ಟ್ರ ವಾಲಿದ ಎಸೆತಗಳನ್ನೆಲ್ಲ ಹಿಡಿಯುತ್ತಿರುವುದು ನಿಜ. ಆದರೆ ಹಿಡಿಯುವುದು ಈ ತುದಿಯಲ್ಲಿ. ಅದು ವಾಲುವುದು ನಡುದಾರಿಯಲ್ಲಿ. ಇವತ್ತು ನಡುದಾರಿಯಲ್ಲಿ ಈ ಹುಡುಗಿಯ ಮುಖವಿರುತ್ತದೆ. ಪಂಜು ತನ್ನ ಕೈಗೆ ಬರುವ ಮೊದಲು ಆ ಮುಖವನ್ನು ದಾಟಬೇಕು. ತಾನು ಎಷ್ಟು ಬಗ್ಗಿದರೂ, ಎಷ್ಟು ಎಗರಿದರೂ ಅಲ್ಲಿ ತನ್ನ ಕೈ ಏನೂ ಮಾಡಲಾರದು. ಅದಕ್ಕಿಂತ ಹೆಚ್ಚಾಗಿ, ಆ ಎಸೆತವನ್ನು ಅಂಗುಲ ಅಂಗುಲವಾಗಿ ಅಲ್ಲಿಗೆ ವಾಲಿಸಿದ್ದು ತನ್ನದೇ ಕೈ.

ಡಬ್ಬಿ ಮುಚ್ಚಿಟ್ಟು ಎದ್ದಳು.

ಹಬ್ಬದ ಉಸ್ತುವಾರಿ ಕೋ ಬೋಹಾನ್‌ನದು. ಮೂವತ್ತೈದರ ಆಸುಪಾಸು, ಕೊರಳಲ್ಲಿ ಸೀಟಿ, ಎರಡೂ ಕೈಯಲ್ಲಿ ಫೋನು, ಎಲ್ಲರಿಗೂ ಬೇಕಾದವನು. ಹಾಲ್‌ನ ಹಿಂಬದಿಯಲ್ಲಿ ಬೂದುಗುಂಬಳದ ಸಿಹಿ ಟೀಯ ದೊಡ್ಡ ಡ್ರಮ್ಮಿಗೆ ಐಸು ಸುರಿಯುತ್ತಿದ್ದ.

"ಬೋಹಾನ್, ಸಂಜೆ ಪಂಜು ಬೇಡ ಕಣೋ."

"ಯಾಕಕ್ಕ? ಗಾಳಿನೇ ಇಲ್ವಲ್ಲ."

"ಗಾಳಿ ಅಲ್ಲ. ಮೇಷ್ಟ್ರ ಕಣ್ಣು."

ಬೋಹಾನ್ ಐಸಿನ ಚೀಲ ಕೆಳಗಿಟ್ಟು ಸುತ್ತ ನೋಡಿದ. "ಮೆತ್ತಗೆ ಮಾತಾಡು. ನೀನಿದೀಯಲ್ಲಕ್ಕ! ಮೇಷ್ಟ್ರು ಚಪ್ಪಲಿ ಎಸೆದ್ರೂ ಹಿಡಿದು ಪಾಲಿಶ್ ಮಾಡಿ ವಾಪಸ್ ಕಳಿಸೋಳು ನೀನು."

"ನಾನು ಹಿಡಿಯೋದು ಅದು ಯಾವೆನ್ ಮೂಗು ದಾಟಿ ಬಂದ್ಮೇಲೆ ಕಣೋ, ಅಲ್ಪಾಯುಷಿ! ದಾಟದೆ ಅಲ್ಲೇ ತಗಲಿಕೊಂಡ್ರೆ?"

ಅವನ ಮುಖದ ನಗೆ ಹೋಯಿತು. ಮಂಕನಲ್ಲ ಅವನು, ಅರ್ಥವಾಯಿತು. ಅರ್ಥವಾದ ಮೇಲೂ ಅವನು ಆಡಿದ ಮಾತು ಕೇಳಿ.

"ಇಪ್ಪತ್ತನೇ ವರ್ಷ ಅಕ್ಕ. ಒಂದು ನಿಮಿಷದ ಆಟ. ಯಾವೆನ್‌ಗೆ ಅರ್ಧ ಹೆಜ್ಜೆ ಹಿಂದೆ ನಿಲ್ಲು ಅಂತ ನಾನು ಹೇಳ್ತೀನಿ."

"ಹಿಂದೆ ನಿಂತ್ರೆ ನನ್ನ ಪಂಜು ಅವಳ ತಲೆಗೆ ಬಡಿಯುತ್ತೆ."

"ಹಾಗಾದ್ರೆ... ಹಬ್ಬ ಮುಗೀಲಿ. ಮುಗಿದ ತಕ್ಷಣ ನಾನೇ ಹೋಗಿ ಹೇಳ್ತೀನಿ, ಆಣೆ."

"ಹೋದ ವರ್ಷನೂ ನೀನು ಹಿಂಗೇ ಅಂದಿದ್ದೆ."

"ಹೋದ ವರ್ಷ ನಾನು ಹೇಳೋಕೆ ಹೊರಟಿದ್ದೆ ಅಕ್ಕ. 'ಪಾಪ, ಮುದುಕರ ಮನಸ್ಸು ಮುರೀಬೇಡ' ಅಂತ ತಡೆದಿದ್ದು ನೀನು."

ಅದು ನಿಜವಾಗಿತ್ತು. ಬೀಜು ಅಕ್ಕ ಅಂಗಳದ ಕಡೆ ಹೊರಟಳು. ಬೋಹಾನ್ ಮತ್ತೆ ಐಸು ಸುರಿದ. ಹಬ್ಬ ಮುಗೀಲಿ! ಈ ಎರಡು ಪದದ ಕೆಳಗೆ ನಮ್ಮ ಊರಲ್ಲಿ ಎಷ್ಟು ಕೊಳೆತ ವಸ್ತುಗಳನ್ನು ಮುಚ್ಚಿಟ್ಟಿದ್ದಾರೋ! ಹಬ್ಬ ಮುಗಿಯಲಿ, ಮದುವೆ ಮುಗಿಯಲಿ, ಚುನಾವಣೆ ಮುಗಿಯಲಿ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಅಷ್ಟರಲ್ಲಿ ಯಾರದೋ ಮುಖ ಸುಟ್ಟಿರುತ್ತದೆ.

ಮೇಷ್ಟ್ರು ಅಂಗಳದ ಕಲ್ಲಿನ ಬೆಂಚಿನ ಮೇಲೆ ಕೂತು ಪಂಜುಗಳ ಬತ್ತಿಯ ತಂತಿ ಬಿಗಿ ಮಾಡುತ್ತಿದ್ದರು. ತಂತಿಯ ತುದಿ ಸರಿಯಾಗಿ ಕಾಣುತ್ತಿತ್ತು ಅವರಿಗೆ. ಎದುರಿಗಿದ್ದದ್ದೆಲ್ಲ ಸರಿಯಾಗಿಯೇ ಕಾಣುತ್ತಿತ್ತು. ಎಡಬದಿ ಕಾಣದಿರುವುದು ಅವರಿಗೂ ಗೊತ್ತಾಗದೇ ಹೋದದ್ದು ಅದರಿಂದಲೇ.

"ಮೇಷ್ಟ್ರೇ, ಈ ಸಲ ನಡುವೆ ಯಾರೂ ಬೇಡ. ನಾವಿಬ್ರೇ ಎಸೆಯೋಣ."

"ಯಾಕೆ? ಯಾವೆನ್ ಹೆದರಿದ್ಳಾ?"

"ಅವಳು ಹೆದರಿಲ್ಲ. ಹೆದರಿರೋದು ನಾನು."

ಮೇಷ್ಟ್ರು ಪಂಜು ಕೆಳಗಿಟ್ಟು ಅವಳ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡಿದ್ದಳು. ಅವರ ದನಿ ಮೆತ್ತಗಾಯಿತು.

"ಕೂತ್ಕೋ ಬೀಜು. ನಿನಗೆ ಹೇಳ್ಬೇಕೋ ಬೇಡ್ವೋ ಅಂತ ಬಹಳ ದಿನದಿಂದ ಯೋಚನೆ ಮಾಡ್ತಿದ್ದೆ. ನಿನ್ನ ಎಸೆತ ಈಚೆಗೆ ಒಳಕ್ಕೆ ಬರ್ತಿದೆ. ನನ್ನ ಮೂಗಿಗೇ ಗುರಿ ಇಟ್ಟ ಹಾಗೆ."

ಬೀಜು ಅಕ್ಕ ಬಾಯಿ ತೆರೆದಳು.

"ಬೇಜಾರು ಮಾಡ್ಕೋಬೇಡ. ಐವತ್ತು ದಾಟಿದ್ಮೇಲೆ ಭುಜ ಹಿಡ್ಕೊಳ್ಳುತ್ತೆ. ನಾನು ಏನೂ ಅನ್ನದೆ ಹಿಡ್ಕೋತಾ ಇದೀನಲ್ಲ? ಯಾರಿಗಾದ್ರೂ ಗೊತ್ತಾಗಿದೆಯಾ? ಇಲ್ಲ. ಇವತ್ತೂ ಹಿಡ್ಕೋತೀನಿ. ನೀನು ಧೈರ್ಯವಾಗಿ ನಿಲ್ಲು."

"ಮೇಷ್ಟ್ರೇ, ನೀವು ಕಣ್ಣು ಒಂದ್ಸಲ..."

"ನನ್ನ ಕಣ್ಣಿಗೇನಾಗಿದೆ? ಪೇಪರಿನ ಸಣ್ಣ ಅಕ್ಷರ ಓದ್ತೀನಿ." ಒಂದು ಪಂಜು ಎತ್ತಿ ಅವಳಿಗೆ ಕೊಟ್ಟರು. "ನಿನಗೆ ಆಗಲ್ಲ ಅನ್ಸಿದ್ರೆ ಹೇಳು, ಬೋಹಾನ್ ನಿಲ್ತಾನೆ ನನ್ನೆದುರಿಗೆ. ಆಟ ಮಾತ್ರ ನಿಲ್ಲಲ್ಲ. ಯಾವೆನ್ ಎಷ್ಟು ಆಸೆ ಇಟ್ಕೊಂಡಿದಾಳೆ ನೋಡು."

ಅಷ್ಟರಲ್ಲಿ ತೈನಾನ್‌ನಿಂದ ಬಂದ ಗುಂಪೊಂದು ಅನಾನಸ್ ಕೇಕಿನ ಪೊಟ್ಟಣ ಹಿಡಿದು ಮೇಷ್ಟ್ರಿಗೆ ನಮಸ್ಕಾರ ಮಾಡಲು ಬಂತು. ಬೀಜು ಅಕ್ಕ ಪಂಜು ಹಿಡಿದುಕೊಂಡೇ ಹಿಂದೆ ಸರಿದಳು.

ಅವಳ ಸ್ಥಿತಿ ನೋಡಿ. ತಾನು ಆಡುವುದಿಲ್ಲ ಎಂದರೆ ಬೋಹಾನ್ ನಿಲ್ಲುತ್ತಾನೆ, ಆಟ ನಡೆಯುತ್ತದೆ. ಯಾವೆನ್‌ಗೆ ಗುಟ್ಟಾಗಿ ಹೇಳಿದರೆ ಅವಳು ನೇರ ಹೋಗಿ ಮೇಷ್ಟ್ರನ್ನೇ ಕೇಳುತ್ತಾಳೆ, ಮೇಷ್ಟ್ರು ನಕ್ಕು, "ಬೀಜುಗೆ ಭುಜ ಹಿಡ್ಕೊಂಡಿದೆ, ಅದಕ್ಕೆ ಹಂಗಂತಾಳೆ" ಅನ್ನುತ್ತಾರೆ. ಮಾತಿನಲ್ಲಿ ಹೇಳುವ ಬಾಗಿಲುಗಳನ್ನು ಎರಡು ವರ್ಷ ತಾನೇ ಒಂದೊಂದಾಗಿ ಮುಚ್ಚಿಕೊಂಡು ಬಂದಿದ್ದಳು.

ನಾಲ್ಕು ಗಂಟೆಯ ಹೊತ್ತಿಗೆ ತಾಲೀಮು. ಬೆಂಕಿಯಿಲ್ಲದೆ, ಬರೀ ಕೋಲಿನಲ್ಲಿ, ಹಾಲ್‌ನೊಳಗೆ. ಮೇಷ್ಟ್ರು ಸೀಮೆಸುಣ್ಣದಿಂದ ನೆಲದ ಮೇಲೆ ಮೂರು ಗುರುತು ಹಾಕಿದರು. ಆಚೆ ತಾನು, ಈಚೆ ಬೀಜು, ನಡುವೆ ಯಾವೆನ್. ಸುತ್ತ ಜನ ಸೇರಿತು. ಯಾವೆನ್ ಕೂದಲು ಬಿಗಿದು ಕಟ್ಟಿಕೊಂಡು, ಜಾಕೆಟ್ಟು ಬಿಚ್ಚಿ, ಫೋನನ್ನು ಬೋಹಾನ್ ಕೈಗೆ ಕೊಟ್ಟಳು. "ಮುಖ ಬರೋ ಹಾಗೆ ತೆಗಿ. ಹೆದರಿದ್ದು ಬಂದ್ರೆ ಅಳಿಸಿಬಿಡು."

"ನಿಲ್ಲು, ಆಗ್ಲೇ ಬರ್ಬೇಡ," ಅಂದರು ಮೇಷ್ಟ್ರು. "ನಮ್ಮ ಕೈ ಬೆಚ್ಚಗಾಗ್ಲಿ. ನಾನು ಕರೆದಾಗ ಬಾ."

ಬೀಜು ಅಕ್ಕ ತನ್ನ ಗುರುತಿನ ಮೇಲೆ ನಿಂತಳು. ಅವಳಿಗಿದ್ದದ್ದು ಆ ಕೈ ಬೆಚ್ಚಗಾಗುವಷ್ಟು ಹೊತ್ತು ಮಾತ್ರ.

ಆಟ ಶುರುವಾಯಿತು. ಕೋಲುಗಳ ಹಿಡಿ ಅಂಗೈಗೆ ಬಡಿಯುವ ಸದ್ದು, ಟಪ್ ಟಪ್ ಟಪ್. ಮೊದಲ ಕೋಲನ್ನು ರೂಢಿಯಂತೆ ಒಳಕ್ಕೆ ಕಳಿಸಿದಳು. ಮೇಷ್ಟ್ರು ಹಿಡಿದು, 'ನೋಡಿದ್ಯಾ, ಹಿಡ್ಕೊಂಡೆ' ಎಂಬಂತೆ ಕಣ್ಣಲ್ಲೇ ನಕ್ಕರು. ಎರಡನೆಯದನ್ನು ಅವಳು ನೇರ ಎಸೆದಳು. ಎಲ್ಲಿಗೆ ಎಸೆಯಬೇಕೆಂದು ಮೇಷ್ಟ್ರೇ ವರ್ಷಗಟ್ಟಲೆ ಕಲಿಸಿದ್ದರೋ ಅಲ್ಲಿಗೇ, ಅವರ ಎಡ ಭುಜದ ಎತ್ತರಕ್ಕೆ. ಕೋಲು ಅವರ ಕೈ ಪಕ್ಕದಲ್ಲಿ ಹಾದು ನೆಲಕ್ಕೆ ಬಿತ್ತು.

"ನೆಲ ಹಿಡೀತು!" ಇಡೀ ಹಾಲ್ ಕೂಗಿ ನಕ್ಕಿತು.

"ಇನ್ನೊಂದ್ಸಲ," ಅಂದರು ಮೇಷ್ಟ್ರು.

ಮತ್ತೆ ನೇರ ಎಸೆದಳು. ಮತ್ತೆ ಬಿತ್ತು. "ನೆಲ ಹಿಡೀತು!" ಈ ಸಲ ನಗೆ ಸ್ವಲ್ಪ ಕಡಿಮೆ. ಮೇಷ್ಟ್ರ ಎಸೆತ ಬಂತು. ವಾಲಿಕೊಂಡು, ಯಾವೆನ್‌ಗೆ ಹಾಕಿದ ಗುರುತಿನ ನೆತ್ತಿಯ ಮೇಲೆಯೇ ತಿರುಗುತ್ತಾ ಬಂತು. ಬೀಜು ಅಕ್ಕನ ಎಡಗೈ ತಾನಾಗಿ ಒಳಕ್ಕೆ ಹೊರಟಿತು. ಎಷ್ಟೋ ಸಾವಿರ ಸಲ ಹೋದ ಕೈ, ಅದಕ್ಕೇನು ಗೊತ್ತು? ಅವಳು ಅದನ್ನು ಬಲವಂತವಾಗಿ ತನ್ನ ಜಾಗದಲ್ಲಿ ನಿಲ್ಲಿಸಿದಳು. ಕೋಲು ಅವಳ ಕಿವಿಯ ಪಕ್ಕ ಹಾದು ಹಿಂದಿನ ಗೋಡೆಗೆ ಬಡಿದು ಧಡ್ ಅಂತು.

ಕೂಗು ಎದ್ದಿತು, ಆದರೆ ಅಲ್ಲೊಂದು ಇಲ್ಲೊಂದು ಬಾಯಿಯಿಂದ. ತಿಳಿಯದ ಹೊರಗಿನವರ ಬಾಯಿಯಿಂದ. ನಮ್ಮೂರಿನವರು ಕೂಗಲಿಲ್ಲ.

"ಅಕ್ಕ!" ಬೋಹಾನ್ ಹಲ್ಲು ಕಚ್ಚಿಕೊಂಡು ಅಂದ. "ಹಿಡೀ ಅಕ್ಕ!"

ಮುಂದಿನದೂ ಹಾಗೇ ಬಂತು. ಬೀಜು ಅಕ್ಕ ಕದಲಲಿಲ್ಲ. ಕೋಲು ನೆಲಕ್ಕೆ ಬಿದ್ದು ಉರುಳಿತು. ಈಗ ಯಾರೂ ಕೂಗಲಿಲ್ಲ. ಅಷ್ಟು ದೊಡ್ಡ ಹಾಲ್‌ನಲ್ಲಿ ಒಂದು ಪ್ಲಾಸ್ಟಿಕ್ ಕೋಲು ಉರುಳುವುದು ಎಲ್ಲರಿಗೂ ಕೇಳಿಸಿತು.

ಯಾವೆನ್ ಈ ಮೌನ ತಾಳಲಾರದೆ, ತಮಾಷೆಗೆ, "ನಾನು ನಿಂತ್ರೆ ಎಲ್ಲಾ ಸರಿ ಹೋಗುತ್ತೆ ಬಿಡಿ" ಎನ್ನುತ್ತ ನಡುವಿನ ಗುರುತಿನ ಕಡೆ ಕಾಲಿಟ್ಟಳು. ಮೇಷ್ಟ್ರ ಕೈಯಿಂದ ಆಗಲೇ ಇನ್ನೊಂದು ಹೊರಟಿತ್ತು.

"ಹೊರಗಿರೇ!" ಬೀಜು ಅಕ್ಕ ಕಿರುಚಿದಳು.

ಯಾವೆನ್ ಬೆಚ್ಚಿ ಹಿಂದಕ್ಕೆ ಜಿಗಿದಳು. ಅವಳ ಕೆನ್ನೆ ಎಲ್ಲಿರಬೇಕಿತ್ತೋ ಅಲ್ಲಿಂದಲೇ ಆ ಕೋಲು ಬೀಸಿಕೊಂಡು ಹೋಯಿತು. ಅವಳ ಕೈ ತಾನಾಗಿ ಕೆನ್ನೆಗೆ ಹೋಯಿತು. ಅಲ್ಲೇ ಇತ್ತು ಬಹಳ ಹೊತ್ತು.

"ಏನಾಗಿದೆ ನಿನಗೆ?" ಮೇಷ್ಟ್ರು ಗುಡುಗಿದರು. "ಬರೋದನ್ನ ಹಿಡಿಯೋಕೇನು ರೋಗ?"

"ಹಿಡಿಯಲ್ಲ ಮೇಷ್ಟ್ರೇ. ಅದು ಬರಬೇಕಾದ ಜಾಗಕ್ಕೆ ಬರ್ತಿಲ್ಲ."

ಅಂಥ ಮಾತನ್ನು ಆ ಹಾಲ್‌ನಲ್ಲಿ ಯಾರೂ ಆಡಿದ್ದಿಲ್ಲ. ಒಬ್ಬ ಮುದುಕ ಲೊಚಗುಟ್ಟಿ ಮುಖ ತಿರುಗಿಸಿದ.

"ನಾನು ಎಸೆದದ್ದು ಬರಬೇಕಾದ ಜಾಗಕ್ಕೆ ಬಂದಿದೆ," ಅಂದಳು ಬೀಜು ಅಕ್ಕ. "ಅದು ನಿಮಗೆ ಕಾಣ್ಲಿಲ್ಲ. ಮಿಕ್ಕ ದಿನ ನಿಮಗೆ ಕಾಣೋ ಕಡೆಗೆ ಎಸೀತಿದ್ದೆ. ಭುಜ ಹಿಡ್ಕೊಂಡಿರಲಿಲ್ಲ ಮೇಷ್ಟ್ರೇ, ಬೇಕು ಅಂತಲೇ."

ಮೇಷ್ಟ್ರು ಕೈಯಲ್ಲಿದ್ದ ಕೋಲುಗಳನ್ನೆಲ್ಲ ಕೆಳಗಿಟ್ಟು, ಬರಿಗೈಯಲ್ಲಿ ನೆಟ್ಟಗೆ ನಿಂತರು. "ಒಂದೇ ಕೋಲು ಎಸೆ. ಮೆತ್ತಗೆ. ಸರಿಯಾದ ಜಾಗಕ್ಕೆ."

ಬೀಜು ಅಕ್ಕ ಎಸೆದಳು. ಅಷ್ಟು ಮೆತ್ತಗಿನ ಎಸೆತವನ್ನು ಆ ದಿನ ಬೆಳಿಗ್ಗೆ ಕಲಿಯಲು ಬಂದ ಅಜ್ಜಿಯೂ ಹಿಡಿಯುತ್ತಿದ್ದಳು. ಅದು ಅವಳ ಕೈ ಬಿಟ್ಟದ್ದನ್ನು ಮೇಷ್ಟ್ರ ಕಣ್ಣು ಕಂಡಿತು, ಅರ್ಧ ದಾರಿಯವರೆಗೆ ಜೊತೆಗೆ ಬಂತು. ಅಲ್ಲಿ ನಿಂತುಹೋಯಿತು. ಕೋಲು ಅವರ ಎಡ ಭುಜಕ್ಕೆ ತಾಗಿ ಕೆಳಗೆ ಬಿತ್ತು. ಅವರು ಬೆಚ್ಚಿದ್ದು ತಾಗಿದ ಮೇಲೆ.

"ಎಲ್ಲಿ ಹೋಯ್ತು ಅದು?" ಅಂದರು. ಯಾರನ್ನೂ ಕೇಳಿದ ಹಾಗಿರಲಿಲ್ಲ. ಬಗ್ಗಿ ತಡವಿ ಕೋಲನ್ನು ಎತ್ತಿಕೊಂಡರು. "ಯಾವಾಗಿಂದ?"

"ಎರಡು ವರ್ಷ ಆಗಿರ್ಬೇಕು."

"ಇವರಿಗೆಲ್ಲ ಗೊತ್ತಿತ್ತಾ?"

ನಮ್ಮವರು ಒಬ್ಬೊಬ್ಬರಾಗಿ ತಂತಮ್ಮ ಬೂಟು ನೋಡಿಕೊಂಡರು. ಬೋಹಾನ್ ಫೋನು ನೋಡಿಕೊಂಡ. ಉತ್ತರ ಕೊಟ್ಟವನು ತೈನಾನ್‌ನಿಂದ ಬಂದ ಒಬ್ಬ ಅಡುಗೆಯವನು, ಕೇಕಿನ ಪೊಟ್ಟಣ ತಂದಿದ್ದವನು. ಪಾಪ, ನೆರವಾಗುತ್ತಿದ್ದೇನೆ ಅಂದುಕೊಂಡಿದ್ದ. "ನಂಗೂ ಬೆಳಿಗ್ಗೆ ಬಂದ ಕೂಡ್ಲೇ ಹೇಳಿದ್ರು ಮೇಷ್ಟ್ರೇ. ನಿಮಗೆ ಎಸೆಯುವಾಗ ಸ್ವಲ್ಪ ನಿಮ್ಮ ಬಲಕ್ಕೆ ಅಂತ."

"ಬೆಳಿಗ್ಗೆ ಬಂದವನಿಗೆ ಗೊತ್ತು," ಅಂದರು ಮೇಷ್ಟ್ರು. "ನನ್ನ ಕಣ್ಣಿನ ವಿಷಯ ನನಗೊಬ್ಬನಿಗೆ ಗೊತ್ತಿಲ್ಲ."

ಬೀಜು ಅಕ್ಕನ ಹತ್ತಿರ ಬಂದರು. ಹೊಡೆಯುತ್ತಾರೇನೋ ಅನ್ನಿಸಿತು.

"ಹೀಗೆ ಮುಚ್ಚಿಡೋದನ್ನಾ ನಾನು ನಿನಗೆ ಕಲಿಸಿದ್ದು?"

"ಹೌದು ಮೇಷ್ಟ್ರೇ," ಅಂದಳು. "ಇದನ್ನೇ ಕಲಿಸಿದ್ದು."

ಅವರು ಕೋಲನ್ನು ಅವಳ ಕಾಲ ಬಳಿ ಹಾಕಿ, ಯಾವೆನ್ ಕಡೆ ತಿರುಗಿ, "ನೀನು ಹೋಗಿ ಕೂತ್ಕೋ ಮಗಳೇ. ಇವತ್ತು ಪಂಜು ಇಲ್ಲ" ಎಂದರು. ಗೋಡೆಗೆ ಬಲಗೈ ತಾಗಿಸಿಕೊಂಡು ಹೊರಗೆ ಹೋದರು. ಹಾದಿಯಲ್ಲಿ ಬಿದ್ದಿದ್ದ ಚೆಂಡು, ಎಸೆದಾಡುವ ದೊಡ್ಡ ಬಳೆಗಳನ್ನೆಲ್ಲ ಜನ ಸರಸರನೆ ಸರಿಸಿದರು. ಆಗಲೂ ಒಬ್ಬರೂ ಬಾಯಿ ಬಿಟ್ಟು 'ಮೇಷ್ಟ್ರೇ, ಕೆಳಗೆ ನೋಡ್ಕೊಳ್ಳಿ' ಅನ್ನಲಿಲ್ಲ.

ಸಂಜೆ ಊರವರು ಬಂದು ಕೂತರು. ಬೋಹಾನ್ ಮೈಕು ಹಿಡಿದು, "ಕಾರಣಾಂತರದಿಂದ ಪಂಜಿನ ಆಟ ಇರುವುದಿಲ್ಲ" ಎಂದ. ಜನ ಗೊಣಗಿದರು. ಏಳು ಚೆಂಡಿನವನು ಎರಡು ಸಲ ಆಡಿ ಹೊತ್ತು ತುಂಬಿಸಿದ.

ಈಗ ಹೇಳುತ್ತೇನೆ, ಆಮೇಲೆ ಏನಾಯಿತು ಅಂತ. ಊರು ಯಾರನ್ನು ಬೈಯಿತು? ಎರಡು ವರ್ಷ ಬಾಯಿಗೆ ಹೊಲಿಗೆ ಹಾಕಿಕೊಂಡವರನ್ನಲ್ಲ. 'ಹಬ್ಬ ಮುಗೀಲಿ' ಅಂದವನನ್ನಲ್ಲ. "ಹೊರಗಿನವರ ಎದುರು ಗುರುವಿನ ಮುಖಕ್ಕೆ ಮಸಿ ಬಳಿದಳು" ಎಂದು ಬೀಜು ಅಕ್ಕನನ್ನು ಬೈಯಿತು. "ಒಂದು ಹೆಂಗಸಿಗೆ ಇಷ್ಟು ಕಲ್ಲೆದೆಯಾ?" "ಮನೆಗೆ ಹೋಗಿ ಹೇಳ್ಬಹುದಿತ್ತಲ್ಲ?" ಮನೆಗೆ ಹೋಗಿ ಹೇಳಲು ಇವರಿಗೆಲ್ಲ ಎರಡು ವರ್ಷ ಇತ್ತು, ಮೇಷ್ಟ್ರ ಮನೆಯ ಬಾಗಿಲು ಯಾವತ್ತೂ ತೆರೆದೇ ಇತ್ತು, ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಅವರು ಟೀ ಕೊಡುತ್ತಿದ್ದರು. ಆ ಟೀ ಕುಡಿದವರೇ ಈಗ ಶಾಲೆ ತೆರೆಯುವ ಕಾಲಕ್ಕೆ ಅಂಗಿಗಳನ್ನು ಬೇರೆ ಅಂಗಡಿಗೆ ಹೊತ್ತರು. ಬೀಜು ಅಕ್ಕ ಯಾರ ಎದುರೂ ತನ್ನ ಪರ ವಾದ ಮಾಡಲಿಲ್ಲ. 'ಎರಡು ವರ್ಷ ಮೊದಲೇ ಆ ಕೋಲು ಬೀಳೋಕೆ ಬಿಡ್ಬೇಕಿತ್ತು' ಎಂದಷ್ಟೇ ಗಂಡನಿಗೆ ಹೇಳಿದಳಂತೆ.

ಗುರುವಾರದ ಆಟಕ್ಕೆ ಮೇಷ್ಟ್ರು ಬರಲಿಲ್ಲ. ಬೀಜು ಅಕ್ಕ ಹೋದಳು, ಎದುರು ನಿಲ್ಲುವವರಿಲ್ಲದೆ ಒಬ್ಬಳೇ ಗೋಡೆಗೆ ಮುಖ ಮಾಡಿ ಎಸೆದಾಡಿ ಬಂದಳು.

ಯಾವೆನ್ ಅಂಗಡಿಗೆ ಬಂದದ್ದು ಒಂದು ಮಧ್ಯಾಹ್ನ, ಶಾಲೆಯ ಅಂಗಿಗಳ ದೊಡ್ಡ ಗಂಟು ಹೊತ್ತು. ಮೇಷ್ಟ್ರನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದವಳು ಅವಳೇ. ಬೀಜು ಅಕ್ಕ ಯಂತ್ರ ನಿಲ್ಲಿಸಲಿಲ್ಲ.

"ಎಡಗಣ್ಣು ಮುಕ್ಕಾಲು ಹೋಗಿದೆ ಅಂದ್ರು ಅಕ್ಕ. ಕಣ್ಣೊಳಗಿನ ಒತ್ತಡವಂತೆ, ನೋವೇ ಇರಲ್ವಂತೆ. ಹೋದದ್ದು ವಾಪಸ್ ಬರಲ್ಲ. ಬಲಗಣ್ಣಲ್ಲೂ ಮೂಗಿನ ಕಡೆ ಶುರುವಾಗಿತ್ತು."

ಯಂತ್ರ ನಿಂತಿತು. ಸೂಜಿ ಒಂದು ಮಗುವಿನ ಹೆಸರಿನ ಅರ್ಧದಲ್ಲಿತ್ತು.

"ಎರಡು ವರ್ಷದ ಹಿಂದೆ ಬಂದಿದ್ರೆ ಅಂತೇನಾದ್ರೂ ಅಂದ್ರಾ?"

ಯಾವೆನ್ ಗಂಟಿನ ದಾರ ಬಿಚ್ಚತೊಡಗಿದಳು. ಆಮೇಲೆ, "ಅಂದ್ರು," ಅಂದಳು.

ಬೀಜು ಅಕ್ಕ ತಲೆ ಆಡಿಸಿದಳು. "ಬಲಗಣ್ಣು?"

"ಉಳಿಯುತ್ತಂತೆ. ದಿನಾ ಹನಿ ಬಿಟ್ಕೊಂಡ್ರೆ ಉಳಿಯುತ್ತೆ ಅಂದ್ರು. ಇನ್ನೊಂದು ವರ್ಷ ತಡವಾಗಿದ್ರೆ ಅದೂ ಇಲ್ಲ." ಅವಳು ತಡೆದು ಹೇಳಿದಳು, "ಅಕ್ಕ, ಅವರು ದಾರಿಯುದ್ದಕ್ಕೂ ನಿನ್ನನ್ನ ಬೈತಾ ಇದ್ರು. ಆಸ್ಪತ್ರೆಯಲ್ಲೂ. ನರ್ಸಿನ ಹತ್ರನೂ ಬೈದ್ರು. ಇನ್ನು ಅವಳ ಮುಖ ನೋಡಲ್ಲ ಅಂತಾರೆ."

ಬೀಜು ಅಕ್ಕ ಪೆಡಲಿನ ಮೇಲೆ ಕಾಲಿಟ್ಟಳು. "ಬೈಕೊಳ್ಳಲಿ ಬಿಡು," ಅಂದಳು. "ಹನಿ ಬಿಟ್ಕೋತಾರಾ, ಅದನ್ನ ದಿನಾ ನೋಡ್ಕೋ."